ಎರಡು ಸಲ ಬಿದ್ದ ಅಚ್ಚು

"ಮಗ್ಗ ಅಂದ್ರ ಯಾವುದು? ಲಾಳಿ ಮಗ್ಗೇನು?" ಎಂದು ಶಿವರಾಯ ಕೇಳಿದ.

"ಅಲ್ಲರಿ" ಎಂದರು ಚಾಪೆಯ ಮೇಲೆ ಕೂತವರು.

"ಹಣಗಿ ಮಗ್ಗೇನು? ಬೀಮು ಮಗ್ಗೇನು? ಮ್ಯಾಲ ತಿರಗೂ ಪಟ್ಟಾ ಮಗ್ಗೇನು?"

"ಅಲ್ಲರಿ."

"ಹಂಗಾರ ಎಲ್ಲಾ ಬಿಚ್ಚಿ ಬ್ಯಾರೆ ಬ್ಯಾರೆ ಇಟ್ರ ಮಗ್ಗ ಎಲ್ಲಿಗಿ ಹೋತು?"

ಮುಂದಿನ ಸಾಲಿನಲ್ಲಿದ್ದ ನಿಂಗಣ್ಣ ತಲೆ ಕೆರೆದುಕೊಂಡು, "ಗುಜರಿ ಅಂಗಡಿಗಿ" ಎಂದ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಶಿವರಾಯನಿಗೂ ನಗು ಬಂತು. ಈ ನಿಂಗಣ್ಣ ಅವನು ಕೆಲಸ ಮಾಡುವ ಬಟ್ಟೆ ಮಿಲ್ಲಿನವನೇ, ಅವನದೇ ಪಾಳಿಯವನು, ರವಿವಾರ ತಪ್ಪದೆ ವಿಹಾರಕ್ಕೆ ಬಂದು ಇಂಥದೊಂದು ಮಾತು ಹೇಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

"ಎಲ್ಲಿಗೂ ಹೋಗಲಿಲ್ಲಪಾ. ಬಿಡಿ ಭಾಗ ಕೂಡಿದಾಗ ನಾವು ಮಗ್ಗ ಅಂದಿವಿ, ಅಷ್ಟ. ಮನಷ್ಯಾಂದೂ ಹಂಗ. ಮೈ, ಮನಸು, ನೆನಪು, ಎಲ್ಲಾ ಕೂಡಿದಾಗ ಒಂದು ಹೆಸರ ಇಟ್ಟಿವಿ. ಬಿಚ್ಚಿದ ಮ್ಯಾಲ ಹೊರಗ ಬಂದು ಅಡ್ಡಾಡೂ ಆತ್ಮ ಅಂತ ಬ್ಯಾರೆ ಏನೂ ಇಲ್ಲ. ಅನತ್ತಾ ಅಂದ್ರ ಇದ. ದೆವ್ವಿಲ್ಲ, ಭೂತಿಲ್ಲ, ಸತ್ತವರು ಬಂದು ಯಾರನೂ ಕರಿಯೂದಿಲ್ಲ. ಈಗ ಎಲ್ಲಾರೂ ಕಣ್ಣ ಮುಚ್ಚರಿ. ಉಸರಿನ ಮ್ಯಾಲ ಲಕ್ಷ ಇಡ್ರಿ."

ಎಲ್ಲರೂ ಕಣ್ಣು ಮುಚ್ಚಿದರು. ಶಿವರಾಯ ಮಾತ್ರ ಮುಚ್ಚಲಿಲ್ಲ. ಸೊಲ್ಲಾಪುರದ ಈ ತಗಡಿನ ವಿಹಾರದಲ್ಲಿ ಇಷ್ಟು ವರ್ಷದಿಂದ ಜನರಿಗೆ ಬುದ್ಧನ ತ್ರಿಶರಣ, ಪಂಚಶೀಲ ಹೇಳಿಕೊಡುತ್ತ ಬಂದವನು ಒಂದು ದಿನವೂ ಎಲ್ಲರ ಜೊತೆ ಕಣ್ಣು ಮುಚ್ಚಿ ಕೂತವನಲ್ಲ. ಮುಚ್ಚಿದರೆ ಒಳಗೆ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೆಂಡತಿ ರಖಮಾಬಾಯಿಗೂ. ಹೀಗಾಗಿ ಬಾಗಿಲಲ್ಲಿ ಅವ್ವ ಬಂದು ನಿಂತದ್ದನ್ನು ಮೊದಲು ಕಂಡವನು ಅವನೇ.

ಪುತಳಾಬಾಯಿ ಬರಿಗಾಲಲ್ಲಿ ನಿಂತಿದ್ದಳು. ಕಂಕುಳಲ್ಲಿ ಸಣ್ಣ ಗಂಟು, ಮೊಣಕಾಲ ತನಕ ಧೂಳು. ಎರಡೂ ಕಣ್ಣಿಗೆ ಪೊರೆ ಬಂದಿದ್ದರಿಂದ ಮುಖವನ್ನು ಬೆಳಕಿಗೆ ಓರೆ ಮಾಡಿ ಮಗನನ್ನು ಹುಡುಕಿದಳು. ಹಳ್ಳಿ ಬಿಟ್ಟು ಒಬ್ಬಳೇ ಎಂದೂ ಬಂದವಳಲ್ಲ.

"ಶಿವ್ಯಾ, ಬಾವಿ ಬತ್ತಿ ಹೋಗ್ಯದೋ. ಹೂಳ ತೆಗ್ಯಾಕತ್ಯಾರ. ನಾಳಿ ಮುಂಜಾನಿ ತಳದ ಕಲ್ಲಿಗಿ ಮದ್ದ ತುಂಬಿ ಸುರುಂಗ ಹಾರಸ್ತಾರಂತ. ಅಕಿನ್ನ ಹೊರಗ ತೆಗಿಯಾಕ ಬಾ."

ಮುಚ್ಚಿದ್ದ ಕಣ್ಣುಗಳೆಲ್ಲ ತೆರೆದವು. ನಿಂಗಣ್ಣ ಗಾಬರಿಯಿಂದ ಅರ್ಧ ಎದ್ದ. "ಆಯೀ, ಬಾವ್ಯಾಗ ಯಾರ ಬಿದ್ದಾರ್ರೀ?"

"ನನ್ನ ಮಗಳು" ಎಂದಳು ಪುತಳಾಬಾಯಿ.

ಶಿವರಾಯನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಭವತು ಸಬ್ಬ ಮಂಗಲಂ" ಎಂದು ಗಡಬಡಿಸಿ ಮುಗಿಸಿ, ಅವ್ವನ ತೋಳು ಹಿಡಿದು ಹೊರಗೆ ನಡೆಸಿಕೊಂಡು ಹೋದ. ಬೆನ್ನ ಹಿಂದೆ ಜನ ಗುಸುಗುಸು ಅನ್ನುವುದು ಕೇಳುತ್ತಿತ್ತು.

ಚಾಳಿನ ಮನೆಯಲ್ಲಿ ರಖಮಾಬಾಯಿ ಬೀಡಿ ಎಲೆಯ ಮೊರ ಬದಿಗಿಟ್ಟು ಅತ್ತೆಗೆ ಚಹಾ ಕೊಟ್ಟಳು. ಗಂಡನಿಗೆ ಒಬ್ಬ ತಂಗಿ ಇದ್ದಳು, ಸಣ್ಣವಳಿದ್ದಾಗ ಸತ್ತಳು ಎಂಬಷ್ಟೇ ಅವಳಿಗೆ ಗೊತ್ತು. ಅತ್ತೆಯ ಮುಖ, ಗಂಡನ ಮುಖ ನೋಡುತ್ತ ಒಲೆಯ ಹತ್ತಿರವೇ ಕೂತಳು.

"ಅವ್ವಾ, ಅದು ತಗಡು" ಎಂದ ಶಿವರಾಯ. "ಹೆಬ್ಬಟ್ಟಿನಗಲ ಬೆಳ್ಳಿ ತಗಡು. ಅದರಾಗ ಭಾಗಿ ಇಲ್ಲ. ನೀನೂ ದೀಕ್ಷಾ ತೊಗೊಂಡಾಕಿ. ಮಂದ್ಯಾಗ ಬಂದು ಹಿಂಗ ಮಾತಾಡಿದ್ರ ನನ್ನ ಮಾತಿಗಿ ಏನ ಕಿಮ್ಮತ್ತ ಉಳೀತು?"

"ನಾ ಏನ ಹುಚ್ಚಿ ಅಲ್ಲಪಾ." ಪುತಳಾಬಾಯಿ ಬಶಿಯಲ್ಲಿ ಚಹಾ ಸುರಿದುಕೊಂಡು ಊದಿದಳು. "ಯಲ್ಲವ್ವನ್ನ ಕೇಳಾಕ ಬಂದಿಲ್ಲ, ಮರಿಗೆವ್ವನ್ನ ಕೇಳಾಕ ಬಂದಿಲ್ಲ. ಅವರನ್ನ ನೀ ಒಗದದ್ದು ಚಲೋನ ಆತು. ಅವರು ನಮಗ ಏನ ಮಾಡಿದ್ರು, ಸುಡಗಾಡ. ನಾ ನನ್ನ ಮಗಳ್ನ ಕೇಳಾಕ ಬಂದೀನಿ. ನಾಳಿ ಸುರುಂಗ ಹಾರಿದ್ರ ಚೂರ ಚೂರ ಆಗ್ತಾಳ. ಒಮ್ಮಿ ಸತ್ತದ್ದು ಸಾಲದೇನು ಅಕಿಗಿ?"

ಚಾಳಿನಲ್ಲಿ ಯಾರಿಗಾದರೂ ಕೇಳೀತೆಂದು ಶಿವರಾಯ ಎದ್ದು ಬಾಗಿಲು ಮುಂದೆ ಮಾಡಿದ.

ಅವನು ಒಂಬತ್ತು ವರ್ಷದವನಿದ್ದಾಗ ನಡೆದದ್ದು ಅದು. ಬೆನ್ನಿಗೆ ಒಣ ಕುಂಬಳಬುರುಡೆ ಕಟ್ಟಿಕೊಂಡು ವಾಡೆಯ, ಅಂದರೆ ತಮ್ಮ ಕೇರಿಯ, ಹುಡುಗರ ಜೊತೆ ಅಲ್ಲಿನ ಬಾವಿಯಲ್ಲಿ ಈಜು ಕಲಿಯುತ್ತಿದ್ದ. ಭಾಗಿಗೆ ಐದು ವರ್ಷ. ಅಣ್ಣ ಹೋದಲ್ಲೆಲ್ಲ ಬಾಲ. ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ ನೀರಿಗೆ ಇಳಿದಿದ್ದ. "ಅಣ್ಣಾ, ನಾ ಮನಿಗಿ ಹೋಗ್ಲ್ಯಾ?" ಎಂದು ಅವಳು ಮತ್ತೆ ಮತ್ತೆ ಕೇಳಿದಳು. "ಸುಮ್ಕ ಕೂಡ ಅಲ್ಲೇ!" ಎಂದು ಇವನು ಕೂಗಿದ. ಆಮೇಲೆ ನೋಡಿದರೆ ಮೆಟ್ಟಿಲ ಮೇಲೆ ಅವಳಿರಲಿಲ್ಲ. ಮನೆಗೆ ಹೋಗಿರಬೇಕು ಎಂದುಕೊಂಡು ಇನ್ನಷ್ಟು ಈಜಿದ, ಮನೆಗೆ ಬಂದು ರೊಟ್ಟಿ ತಿಂದ. ತಿಂದು ಕೈ ತೊಳೆಯುವಾಗ ಅವ್ವ ಕೇಳಿದಳು, ಭಾಗಿ ಎಲ್ಲಿ ಅಂತ.

ಮದುವೆಯಾಗದೆ ಸತ್ತ ಮಕ್ಕಳು ಮನೆಯ ಸುತ್ತಲೇ ಅಲೆಯುತ್ತವೆ, ಒಳಗೆ ಕರೆದುಕೊಳ್ಳಬೇಕು ಎನ್ನುವುದು ಆಗಿನ ನಂಬಿಕೆ. ಬೆಳ್ಳಿಯ ಸಣ್ಣ ತಗಡಿನ ಮೇಲೆ ಒಂದು ಹೆಣ್ಣುರೂಪ ಅಚ್ಚೊತ್ತಿಸಿ ತಂದು, ದೇವರ ಜಗಲಿಯ ಮೇಲೆ ಉಳಿದ ದೇವರ ಪಕ್ಕ ಇಡುತ್ತಿದ್ದರು. ಅದಕ್ಕೆ ಟಾಕ ಎಂದು ಹೆಸರು. ಭಾಗಿಯೂ ಹಾಗೆ ಟಾಕವಾಗಿ ಮನೆಗೆ ಬಂದಳು. ಅಮಾವಾಸ್ಯೆಗೊಮ್ಮೆ ಅವ್ವ ಅವಳ ಬಾಯಿಗೆ ಚೂರು ಬೆಲ್ಲ ಮುಟ್ಟಿಸುತ್ತಿದ್ದಳು. ಉಳಿದ ದೇವರಿಗೆ ಕೈ ಮುಗಿಯುತ್ತಿದ್ದಳು, ಭಾಗಿಗೆ ಮಾತ್ರ ಬೈಯುತ್ತಿದ್ದಳು. "ಎಷ್ಟ ಕರ್ರಗ ಆಗೀದಿ ನೋಡ, ಮೈ ತೊಳ್ಕೊಳ್ಳೂದಂದ್ರ ಬ್ಯಾಡ ನಿನಗ" ಎನ್ನುತ್ತ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು.

ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ಕೊಟ್ಟ ಮರುವರ್ಷ ಇವರ ಹಳ್ಳಿಯ ವಾಡೆಯೂ ಬೌದ್ಧವಾಯಿತು. ಇಪ್ಪತ್ತು ವರ್ಷದ ಶಿವರಾಯನ ಕಾಲು ನೆಲದ ಮೇಲಿರಲಿಲ್ಲ. ಎಲ್ಲರಿಗಿಂತ ಮೊದಲು ತನ್ನ ಮನೆಗೆ ನುಗ್ಗಿ, ಜಗಲಿಯ ಮೇಲಿದ್ದದ್ದನ್ನೆಲ್ಲ ಮೊರದಲ್ಲಿ ಬಾಚಿಕೊಂಡು, ಹಲಗೆಯ ಬಡಿತದ ನಡುವೆ ಬಾವಿಯ ದಂಡೆಗೆ ಹೋಗಿ ಮೊರ ಬೋರಲು ಹಾಕಿದ. ಜೈಕಾರ ಮುಗಿಲು ಮುಟ್ಟಿತು. ವಾಡೆಯ ಎಲ್ಲ ಮನೆಗಳ ದೇವರೂ ಅದೇ ದಾರಿ ಹಿಡಿದವು. ಅಂದಿನ ಆ ಸಂತೋಷ ಸುಳ್ಳಲ್ಲ. ಹುಟ್ಟಿದಾಗಿನಿಂದ ಬಗ್ಗಿದ ಬೆನ್ನು ಅಂದು ನೆಟ್ಟಗಾಗಿತ್ತು. ಜೈಕಾರದ ನಡುವೆ ಅವ್ವ ಅವನ ಪಕ್ಕ ಬಂದು ನಿಂತು, ನೀರಿನ ಮೇಲೆ ಎದ್ದ ಅಲೆಯ ಬಳೆಗಳನ್ನೇ ನೋಡುತ್ತ ಒಂದು ಮಾತು ಹೇಳಿದಳು.

"ಅಕಿಗಿ ಈಸಾಕ ಬರ್ತಿದ್ದಿಲ್ಲಲ್ಲೋ ಎಪ್ಪಾ."

ಅಷ್ಟೇ. ಅಳಲಿಲ್ಲ, ಕರೆಯಲಿಲ್ಲ, ಮತ್ತೆಂದೂ ಆ ಮಾತು ಎತ್ತಲಿಲ್ಲ. ಮೊರದೊಳಗೆ ಭಾಗಿಯೂ ಇದ್ದಳು ಎಂಬುದು ಶಿವರಾಯನಿಗೆ ಆಗ ಹೊಳೆಯಿತು. ದೇವರನ್ನು ಬಿಡುವುದು ಸರಿಯೇ ಇತ್ತು, ಈಗಲೂ ಸರಿಯೇ. ಆದರೆ ತಂಗಿಯನ್ನು ಅದೇ ಬಾವಿಗೆ ಎರಡನೆಯ ಸಲ ತಳ್ಳಿದ್ದ. ಮಿಲ್ಲಿನಲ್ಲಿ ನೂರಾರು ಮಗ್ಗ ಒಮ್ಮೆಲೇ ಬಡಿದುಕೊಳ್ಳುವಾಗ ಪಕ್ಕದವನ ಕೂಗು ಕೇಳುವುದಿಲ್ಲ, ಆದರೆ ಅವ್ವನ ಆ ಮಾತು ಕೇಳುತ್ತಿತ್ತು. ಲಾಳಿ ಆಚೆ ಹೋದಾಗ ಅರ್ಧ, ಈಚೆ ಬಂದಾಗ ಅರ್ಧ.

"ಹೋಗಿ ಬರ್ರಿ" ಎಂದಳು ರಖಮಾಬಾಯಿ ಒಲೆಯ ಹತ್ತಿರದಿಂದ. "ಮಂದಿ ಏನರ ಅಂದ್ಕೊಳ್ಳಿ. ತಾಯಿ ಕೇಳಾಕತ್ಯಾಳ. ಇಷ್ಟ ವರ್ಷ ನನಗ ಒಂದ ಮಾತ ಹೇಳಿಲ್ಲ ನೋಡ್ರಿ ನೀವು."

ಅಕ್ಕಲಕೋಟೆಯ ಎಸ್.ಟಿ. ಬಸ್ಸಿನಲ್ಲಿ ಸ್ವಾಮಿಯ ದರ್ಶನಕ್ಕೆ ಹೊರಟವರೇ ತುಂಬಿದ್ದರು. ಹೂವಿನ ಮಾಲೆ, ತೆಂಗಿನಕಾಯಿಗಳ ನಡುವೆ ಪುತಳಾಬಾಯಿ ಒತ್ತಿಕೊಂಡು ಕೂತಳು. ಕಿಟಕಿಯಾಚೆ ನೆಲವೆಲ್ಲ ಬಿಳಿಚಿಕೊಂಡು ಬಿದ್ದಿತ್ತು. ಎಪ್ಪತ್ತೆರಡರ ಮಳೆ ಕೈಕೊಟ್ಟು, ಈಗ ಬೇಸಗೆಯಲ್ಲಿ ದಾರಿಯುದ್ದಕ್ಕೂ ಬರಗಾಲದ ಕಾಮಗಾರಿ. ಹೆಂಗಸರು, ಗಂಡಸರು ಸಾಲಾಗಿ ಕೂತು ರಸ್ತೆಗೆ ಕಲ್ಲು ಖಡಿ ಒಡೆಯುತ್ತಿದ್ದರು.

ಅಕ್ಕಲಕೋಟೆಯ ಸ್ಟ್ಯಾಂಡಿನಲ್ಲಿ ನಾಗಣಸೂರದ ಕಡೆಯ ಬಸ್ಸಿಗೆ ಕಾಯುವಾಗ ಪುತಳಾಬಾಯಿ ಊರೊಳಗಿನ ದಿಕ್ಕಿಗೆ ಮುಖ ತಿರುಗಿಸಿದಳು. ಕಾಣುತ್ತಿತ್ತೋ ಇಲ್ಲವೋ.

"ಅಲ್ಲೇ ಇತ್ತು ಕಾಮಣ್ಣ ಪತ್ತಾರನ ಅಂಗಡಿ. ನಾ ಹೊರಗ ಕಟ್ಟಿ ಕೆಳಗ ಕುಂತಿದ್ದೆ. ಅಂವ ಅಚ್ಚಿನ ಮ್ಯಾಲ ತಗಡ ಇಟ್ಟು ಬಡಿದಾ. ತಗಡ ಜಾರಿತು. ಮತ್ತ ಬಡಿದಾ. ನೋಡಿದ್ರ ಮುಖ ಎರಡ ಆಗಿದ್ದವು. ಒಂದರ ಬಾಜೂಕ ಇನ್ನೊಂದು, ಸರದು ನಿಂತಂಗ. 'ತಪ್ಪಾತವ್ವ, ಬ್ಯಾರೆ ಮಾಡಿ ಕೊಡ್ತೀನಿ' ಅಂದ. ನಾ ಅಂದೆ, ಬ್ಯಾಡ್ರಿ, ಇದ ಖರೇ ಅದ. ಒಂದ ಕಡಿ ನಿಂತಾಕಿನೇನು ಆ ಹುಡುಗಿ?" ಪುತಳಾಬಾಯಿ ನಕ್ಕಳು. ಹೆಬ್ಬೆರಳನ್ನು ತೋರುಬೆರಳ ಮೇಲೆ ಆಡಿಸಿ ತೋರಿಸಿದಳು. "ಹಿಂಗ ಬಟ್ಟ ಆಡಿಸಿದ್ರ ಸಾಕು, ಎರಡ ಮೂಗ ಹತ್ತತಾವ. ಕಣ್ಣಿಲ್ಲಂದ್ರೂ ಗುರ್ತ ಹಿಡಿತೀನಿ."

"ನನಗ ಗೊತ್ತದವ್ವ" ಎಂದ ಶಿವರಾಯ. ಸಣ್ಣವನಿದ್ದಾಗ ಅವ್ವ ಇಲ್ಲದ ಹೊತ್ತು ನೋಡಿ ಅವನೂ ಆ ಎರಡು ಮೂಗಿನ ಮೇಲೆ ಬೆರಳಾಡಿಸುತ್ತಿದ್ದ.

ನಾಗಣಸೂರ ದಾಟಿ ಇಳಿದು, ಗಡಿಯ ಕಡೆಗೆ ಅರ್ಧ ತಾಸು ನಡೆದರೆ ಅವರ ಹಳ್ಳಿ. ವಾಡೆಯ ಬಾವಿಯ ಸುತ್ತ ಕರಿ ಹೂಳಿನ ಗುಡ್ಡೆಗಳು. ಮೇಲೆ ರಾಟೆ ಕಿರುಗುಟ್ಟುತ್ತಿತ್ತು, ಬುಟ್ಟಿ ಬುಟ್ಟಿ ಹೂಳು ಮೇಲೆ ಬರುತ್ತಿತ್ತು. ತಳದ ಬಂಡೆಗೆ ತೂತು ಕೊರೆದು ಮುಗಿದಿತ್ತು, ಮದ್ದು ತುಂಬುವುದು ನಾಳೆ. ಬಂಡೆಯ ಕೆಳಗೆ ನೀರಿದೆ ಎಂದು ಎಲ್ಲರ ಆಸೆ. ಟ್ಯಾಂಕರಿನ ನೀರಿಗೆ ಕಾದು ಕಾದು ಜನ ಬೇಸತ್ತಿದ್ದರು.

ಬೇವಿನ ಮರದ ಕೆಳಗೆ ಗೋಣಿತಟ್ಟಿನ ಮೇಲೆ, ಹೂಳಿನಿಂದ ಬಂದ ದೇವರುಗಳು ಬಿದ್ದಿದ್ದವು. ಹಿತ್ತಾಳೆಯ ಮುಖವಾಡಗಳು, ತಾಮ್ರದ ಗಿಂಡಿ, ಮುರಿದ ಗಂಟೆ, ಒಂದು ನಾಗರಹೆಡೆ. ಎಲ್ಲಕ್ಕೂ ಒಂದೇ ಹಸಿರು ಬಣ್ಣ ಬಂದಿತ್ತು. ಒಂದು ಮೂಲೆಯಲ್ಲಿ ಸಣ್ಣ ಸಣ್ಣ ಕರಿ ತಗಡುಗಳ ಗುಂಪು. ಅವುಗಳ ಪಕ್ಕ ವಾಡೆಯ ಹಿರಿಯ ತುಕಾರಾಮ ತೊಡೆಯ ಮೇಲೆ ಕೋಲಿಟ್ಟುಕೊಂಡು ಕೂತಿದ್ದ. ದೀಕ್ಷೆಯ ದಿನ ಹಲಗೆ ಬಡಿದವನು ಅವನೇ.

"ಜೈ ಭೀಮ್, ಶಿವರಾಯಾ. ಆಯಿ ನಿನ್ನ ಕರಕೊಂಡೇ ಬಂದ್ಳು ನೋಡು." ತುಕಾರಾಮನಿಗೆ ಆಶ್ಚರ್ಯವೇನೂ ಆಗಲಿಲ್ಲ. "ಇವನ್ನೆಲ್ಲಾ ಸೊಲ್ಲಾಪುರದಾಗ ಬೋಗಾರಗ ತೂಕಕ್ಕ ಹಾಕಿ, ಬಂದ ರೊಕ್ಕದಾಗ ನಮ್ಮ ವಿಹಾರಕ್ಕ ತಗಡು ಹೊಚ್ಚೂದು ಅಂತ ಠರಾವ ಆಗ್ಯದ. ಆದ್ರ ಮುಂಜಾನಿಂದ ಇಲ್ಲಿ ಏನ ನಡದದ ನೀನ ನೋಡು."

ಶಿವರಾಯ ನೋಡಿದ. ಒಬ್ಬ ಹೆಂಗಸು ಕೊಡ ಹಿಡಿದು ಬಂದಳು. ನೀರಿಲ್ಲದ ಬಾವಿಗೆ ಕೊಡ ಯಾಕೆ? ಮರದ ಹತ್ತಿರ ಬಂದಾಗ ಕಾಲಿನ ಮುಳ್ಳು ತೆಗೆಯುವವಳ ಹಾಗೆ ಬಗ್ಗಿ ಕೂತು, ಆ ಕರಿ ತಗಡುಗಳನ್ನು ಒಂದೊಂದಾಗಿ ಮಗುಚಿ ನೋಡಿದಳು. ಒಂದನ್ನು ಎತ್ತಿ ರವಿಕೆಯೊಳಗೆ ಸೇರಿಸಿ ಹೋದಳು. ತುಕಾರಾಮ ಆ ಹೊತ್ತಿಗೆ ಸರಿಯಾಗಿ ಬೀಡಿ ಹಚ್ಚುವ ನೆಪದಲ್ಲಿ ಆಚೆ ತಿರುಗಿ ಕೂತಿದ್ದ. ಅವಳು ಹೋದಮೇಲೆ ಇನ್ನೊಬ್ಬಳು. ಆಮೇಲೆ ಒಬ್ಬ ಮುದುಕ, ಕೋಲೂರಿಕೊಂಡು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಇವರ ಮನ್ಯಾಗೂ..." ಎಂದ ಶಿವರಾಯ.

"ಯಾರ ಮನ್ಯಾಗ ಇಲ್ಲ ಹೇಳು." ತುಕಾರಾಮ ಹೊಗೆ ಬಿಟ್ಟ. "ಪ್ಲೇಗ ಬಂತು, ಕಾಲರಾ ಬಂತು, ಹಸಿವಿ ಬಂತು. ಎಲ್ಲಾರೂ ತಮ್ಮ ತಮ್ಮ ಕೂಸ ಒಗದೀವಿ. ಹಲಗಿ ಸಪ್ಪಳದಾಗ ಯಾರಿಗೂ ಕೇಳಸಲಿಲ್ಲ." ಅವನ ಅಂಗಿಯ ಕಿಸೆಯಲ್ಲಿ ಏನೋ ಭಾರ ಜೋತಿತ್ತು. ಶಿವರಾಯನ ಕಣ್ಣು ಅಲ್ಲಿಗೆ ಹೋದಾಗ ತುಕಾರಾಮ ಕಿಸೆಯ ಮೇಲೆ ಕೈ ಇಟ್ಟುಕೊಂಡ.

ಪುತಳಾಬಾಯಿ ಗೋಣಿಯ ಬಳಿ ಕುಕ್ಕರಗಾಲಲ್ಲಿ ಕೂತು ಉಳಿದ ಟಾಕಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡಳು. ಹೆಬ್ಬೆರಳು ಆಡಿಸಿದಳು, ಕೆಳಗಿಟ್ಟಳು. ಎತ್ತಿದಳು, ಇಟ್ಟಳು. ಕೊನೆಯದನ್ನು ಇಟ್ಟು, ಗೋಣಿಯ ಖಾಲಿ ಜಾಗದ ಮೇಲೆ ಇನ್ನೂ ಕೈಯಾಡಿಸುತ್ತಿದ್ದಳು.

"ಇಲ್ಲಪಾ. ಇನ್ನಾ ಒಳಗ ಇದ್ದಾಳ."

ಹೂಳು ತೋಡುತ್ತಿದ್ದ ಪೀರಪ್ಪ ಅಷ್ಟರಲ್ಲಿ ಮೇಲೆ ಬಂದ. ಮೈಯೆಲ್ಲ ಕೆಸರು, ಕಣ್ಣು ಮಾತ್ರ ಬಿಳಿ. "ಮುಗೀತು. ಒಂದ ಮೂಲ್ಯಾಗ ಸ್ವಲ್ಪ ಹೂಳ ಉಳದದ, ಕಲ್ಲಿನ ಸಂದ್ಯಾಗ. ಸುರುಂಗಿಗಿ ಅದೇನ ಅಡ್ಡಿಲ್ಲ" ಎಂದು ಹಗ್ಗ ಬಿಟ್ಟ.

ಶಿವರಾಯ ಅಂಗಿ ಬಿಚ್ಚಿ ಅವ್ವನ ಕೈಗೆ ಕೊಟ್ಟ. ಆ ಬಾವಿಗೆ ಅವನು ಇಳಿದು ಇಪ್ಪತ್ತೇಳು ವರ್ಷವಾಗಿತ್ತು.

ಮೆಟ್ಟಿಲು ಅರ್ಧದ ತನಕ ಮಾತ್ರ. ಅಂದು ಭಾಗಿಯನ್ನು ಕೂರಿಸಿದ್ದ ಆ ಕೊನೆಯ ಮೆಟ್ಟಿಲ ಮೇಲೆ ಕಾಲಿಡಲು ಅವನಿಂದ ಆಗಲಿಲ್ಲ. ದಾಟಿ, ಹಗ್ಗ ಹಿಡಿದು ತಳಕ್ಕೆ ಜಾರಿದ. ಕೆಳಗೆ ತಂಪಿತ್ತು, ಹಳೆಯ ಎಲೆ ಕೊಳೆತ ವಾಸನೆ. ತಲೆಯೆತ್ತಿದರೆ ತಟ್ಟೆಯಗಲದ ಆಕಾಶ, ಅದರ ಅಂಚಿನಲ್ಲಿ ಅವ್ವನ ತಲೆ. ಬಂಡೆಯಲ್ಲಿ ಸುರುಂಗದ ತೂತುಗಳು ಕಪ್ಪಗೆ ಬಾಯಿ ತೆರೆದಿದ್ದವು. ಎಲ್ಲಿಂದಲೋ ನೀರು ತೊಟ್ಟಿಕ್ಕುತ್ತಿತ್ತು. ವಿಹಾರದಲ್ಲಿ ಕಣ್ಣು ಮುಚ್ಚಿದಾಗ ಕೇಳುತ್ತಿದ್ದ ಸದ್ದು ಇದೇ, ಕೂದಲೆಳೆಯ ವ್ಯತ್ಯಾಸವಿಲ್ಲ.

ಮೂಲೆಯ ಹೂಳಿನಲ್ಲಿ ಮೊಣಕಾಲೂರಿ ಎರಡೂ ಕೈಯಿಂದ ಬಗೆದ. ಒಡೆದ ಮಡಕೆಯ ಬೋಕಿ ಸಿಕ್ಕವು, ಬಳೆ ಚೂರು ಸಿಕ್ಕವು. ಮೊಣಕೈ ತನಕ ಕೈ ಇಳಿಯಿತು. ಬೆಳಕು ಇಳಿಮುಖವಾಗಿತ್ತು. ಆಗ ಬೆನ್ನ ಹಿಂದೆ, ಆ ಕೊನೆಯ ಮೆಟ್ಟಿಲ ಕಡೆಯಿಂದ, ಸಣ್ಣ ದನಿ ಕೇಳಿತು.

"ಅಣ್ಣಾ, ನಾ ಮನಿಗಿ ಹೋಗ್ಲ್ಯಾ?"

ಶಿವರಾಯ ತಿರುಗಲಿಲ್ಲ. ಇದು ನೆನಪು, ಬಿಡಿ ಭಾಗ, ಕಿವಿಯ ಆಟ ಎಂದು ತನಗೆ ತಾನೇ ಹೇಳಿಕೊಂಡ. ಪ್ರತಿ ರವಿವಾರ ಊರಿಗೆಲ್ಲ ಹೇಳುವುದನ್ನು ಈಗ ತಾನೊಬ್ಬನೇ ಕೂತು ಕೇಳುವ ಹೊತ್ತು. ಕೇಳಿದ, ಒಪ್ಪಿದ. ದನಿ ಮಾತ್ರ ನಿಲ್ಲಲಿಲ್ಲ. ಅದೇ ಮಾತು, ಅದೇ ರಾಗ, ಸ್ವಲ್ಪ ಅಳು ಬೆರೆತು.

"ನಡಿ ಭಾಗಿ, ಹೋಗೂಣು. ನಾನೂ ಬಂದೆ. ಇಬ್ಬರೂ ಕೂಡಿ ಮನಿಗಿ ಹೋಗೂಣು" ಎಂದು ಕೊನೆಗೆ ಅವನು ಜೋರಾಗಿ ಹೇಳಿದ.

ದನಿ ನಿಂತಿತು. ಅವನ ಬೆರಳಿಗೆ ಕಲ್ಲಿನ ಸಂದಿಯಲ್ಲಿ ತೆಳ್ಳಗಿನ ಅಂಚೊಂದು ತಗುಲಿತು.

ಎಳೆದು ತೆಗೆದ. ಟಾಕ! ಎದೆಗೆ ಒತ್ತಿ ಹಿಡಿದ. ಸಣ್ಣ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಸಿಕ್ಕಿದಳು, ಸಿಕ್ಕಿಬಿಟ್ಟಳು. ಇಷ್ಟು ವರ್ಷದ ಭಾರ ಇಳಿಯಿತು ಎಂದುಕೊಂಡ. ಆಮೇಲೆ ಹೆಬ್ಬೆರಳಿನಿಂದ ಕೆಸರು ಒರೆಸಿದ.

ಒಂದೇ ಮೂಗು.

ಮತ್ತೆ ಒರೆಸಿದ, ಧೋತರದ ತುದಿಯಿಂದ ತಿಕ್ಕಿದ, ಬೆಳಕಿಗೆ ಹಿಡಿದ. ಒಂದೇ ಮುಖ, ನೆಟ್ಟಗೆ, ಸ್ವಚ್ಛವಾಗಿ ಬಿದ್ದ ಅಚ್ಚು. ಯಾರದೋ ಮನೆಯ ಹುಡುಗಿ. ಆ ವಾಡೆಯಿಂದ ಮುಂಬಯಿಗೆ ಹೋದವರೋ, ವಂಶವೇ ಮುಗಿದವರೋ, ಅವಳನ್ನು ಹುಡುಕಿಕೊಂಡು ಇನ್ನು ಯಾರೂ ಬರುವಂತಿರಲಿಲ್ಲ. ಅವನು ಸಂದಿಯನ್ನು ಮತ್ತೆ ಬಗೆದ, ಉಗುರಿನಿಂದ ರಕ್ತ ಬರುವ ತನಕ ಬಗೆದ. ಕಲ್ಲು ಹತ್ತಿತು. ಬೇರೇನೂ ಇರಲಿಲ್ಲ.

"ಶಿವ್ಯಾ, ಸಿಕ್ಕಳೇನೋ?" ಮೇಲಿನಿಂದ ಅವ್ವ ಕೂಗಿದಳು. ಬಾವಿಯೆಲ್ಲ ಆ ಮಾತೇ ತುಂಬಿತು.

ಅವನು ಹಗ್ಗ ಹಿಡಿದು ಮೇಲೆ ಬಂದ. ಅವ್ವ ಬೊಗಸೆ ಒಡ್ಡಿ ನಿಂತಿದ್ದಳು. ತುಕಾರಾಮ, ಪೀರಪ್ಪ ಇಬ್ಬರೂ ಅವನ ಬಾಯಿ ನೋಡುತ್ತಿದ್ದರು. ಪೊರೆ ಬಂದ ಆ ಕಣ್ಣಿನ ಎದುರು ನಿಂತು ಇಲ್ಲ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ.

"ಸಿಕ್ಕಳವ್ವ" ಎಂದು ಟಾಕವನ್ನು ಅವಳ ಕೈಯಲ್ಲಿಟ್ಟ. "ಭಾಗಿನ. ಕಲ್ಲಿಗಿ ತಿಕ್ಕಿ ತಿಕ್ಕಿ ಮುಖ ಸವದದ."

ಪುತಳಾಬಾಯಿಯ ಹೆಬ್ಬೆರಳು ತಗಡಿನ ಮೇಲೆ ಒಮ್ಮೆ ಹೋಯಿತು, ನಿಂತಿತು, ಮತ್ತೆ ಹೋಯಿತು. ಅವಳು ಮುಖವೆತ್ತಿ, ಮಗನ ಕೆಸರು ಮೆತ್ತಿದ ಮೈಯನ್ನೂ ರಕ್ತ ಬರುವ ಬೆರಳುಗಳನ್ನೂ ತಡವಿ ನೋಡಿದಳು.

"ಹೂಂನಪಾ. ಇಕಿನ" ಎಂದಳು. ಟಾಕವನ್ನು ಸೆರಗಿನ ತುದಿಗೆ ಕಟ್ಟಿ ಗಂಟು ಬಿಗಿದಳು. "ನಡಿ, ಮೈ ತೊಳ್ಕೊ. ಥಂಡಿ ಹತ್ತೀತು."

ಮರುದಿನ ಮುಂಜಾನೆ ನಾಗಣಸೂರದ ಕವಲುದಾರಿಯ ಫಾಟಾದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನೆಲ ಸಣ್ಣಗೆ ಅದುರಿ, ದೂರದಿಂದ ಧಡ್ ಎಂಬ ಸದ್ದು ಬಂತು. ಶಿವರಾಯ ಕಣ್ಣು ಗಟ್ಟಿಯಾಗಿ ಮುಚ್ಚಿದ. ಅವ್ವ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು, ಅಲುಗಲಿಲ್ಲ. ಸಂಜೆಯೊಳಗೆ ಬಾವಿಗೆ ಎರಡಾಳು ನೀರು ಬಂತು ಎಂದು ಆಮೇಲೆ ಸುದ್ದಿ ಸಿಕ್ಕಿತು.

ಅವ್ವ ಸೊಲ್ಲಾಪುರದಲ್ಲೇ ಉಳಿದಳು. ಇದ್ದೊಂದು ಕೋಣೆಗೆ ಅಡ್ಡ ಪರದೆ ಕಟ್ಟಿ ಅವಳಿಗೆ ಜಾಗ ಮಾಡಿದರು. ರಖಮಾಬಾಯಿಗೆ ಬೀಡಿಗೆ ದಾರ ಸುತ್ತಿಕೊಡುತ್ತ, ಮಿಲ್ಲಿನ ಭೋಂಗಾ ಊದಿದಾಗ ಮಗನ ಬುತ್ತಿ ಕಟ್ಟುತ್ತ, ಮೊದಲಿಗಿಂತ ಗೆಲುವಾಗಿದ್ದಳು. ಗೆಲುವು ಹೋದದ್ದು ಶಿವರಾಯನದು. ತಂಗಿ ಚೂರು ಚೂರಾಗಿ ನೀರಿನ ಕೆಳಗೆ ಇದ್ದಾಳೆ, ಅವ್ವ ಯಾರದೋ ಕೂಸನ್ನು ಸೆರಗಿಗೆ ಕಟ್ಟಿಕೊಂಡು ಓಡಾಡುತ್ತಾಳೆ. ಎರಡೂ ಅವನೇ ಮಾಡಿದ್ದು. ಈಗ ಮಗ್ಗದ ಸದ್ದಿನಲ್ಲಿ ಅವ್ವನ ಹಳೆಯ ಮಾತು ಕೇಳುತ್ತಿರಲಿಲ್ಲ. ತನ್ನದೇ ಮಾತು ಕೇಳುತ್ತಿತ್ತು, "ಸಿಕ್ಕಳವ್ವ, ಸಿಕ್ಕಳವ್ವ" ಎಂದು.

ಬುದ್ಧ ಪೌರ್ಣಿಮೆಯ ದಿನ ವಿಹಾರ ತುಂಬಿತ್ತು. ಎಲ್ಲರೂ ಬಿಳಿ ಬಟ್ಟೆ ಉಟ್ಟಿದ್ದರು. ಹೆಂಗಸರ ಕಡೆ ಪುತಳಾಬಾಯಿಯೂ ಬಿಳಿ ಸೀರೆಯುಟ್ಟು ಕೂತಿದ್ದಳು. ಶಿವರಾಯ ಮೇಣಬತ್ತಿ ಹಚ್ಚಿ ಪಂಚಶೀಲ ಹೇಳಿಕೊಡಲು ಶುರುಮಾಡಿದ. ಅವನು ಒಂದು ಸಾಲು ಹೇಳುವುದು, ಜನ ಅದನ್ನೇ ಹೇಳುವುದು. ಕೊಲ್ಲುವುದಿಲ್ಲ ಎಂದದ್ದಾಯಿತು. ಕೊಡದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದದ್ದಾಯಿತು. ಮೂರನೆಯದೂ ಆಯಿತು. ನಾಲ್ಕನೆಯದು, ಸುಳ್ಳು ಹೇಳುವುದಿಲ್ಲ ಎಂಬುದು.

"ಮುಸಾವಾದಾ..." ಎಂದ. ಮುಂದೆ ಬರಲಿಲ್ಲ.

ಜನ ಕಾದರು. ನಿಂಗಣ್ಣ ಮರೆತಿರಬೇಕೆಂದು ತುಟಿಯಾಡಿಸಿ ನೆನಪು ಮಾಡಿಕೊಡಲು ನೋಡಿದ. ಮರೆತದ್ದಲ್ಲ ಅದು. ಆಗ ಹೆಂಗಸರ ಕಡೆಯಿಂದ ಒಂದು ಮುದಿ ದನಿ, ತಪ್ಪು ತಪ್ಪಾಗಿ, ಆದರೆ ಗಟ್ಟಿಯಾಗಿ ಆ ಸಾಲನ್ನು ಎತ್ತಿಕೊಂಡಿತು. "ಮುಸಾವಾದಾ ವೇರಮಣಿ ಸಿಕ್ಕಾಪದಂ ಸಮಾದಿಯಾಮಿ." ಜನ ಅವ್ವನ ಹಿಂದೆಯೇ ಹೇಳಿದರು.

ಪೂಜೆ ಮುಗಿದು ಖೀರು ಹಂಚುವಾಗ ಶಿವರಾಯ ನಿಶ್ಚಯ ಮಾಡಿದ. ಇವತ್ತೇ ಹೇಳಿಬಿಡುವುದು. ಭಾಗಿ ಸಿಗಲಿಲ್ಲ ಅವ್ವ, ಅಂದು ಹೇಳಿದ್ದು ಸುಳ್ಳು ಎಂದು ಕಾಲಿಗೆ ಬಿದ್ದು ಹೇಳುವುದು. ಬೈಯಲಿ, ಊರಿಗೆ ಹೋಗಿ ಆ ಬಾವಿಯ ದಂಡೆಯ ಮೇಲೆ ಕೂತು ಅಳಲಿ. ಅವಳಿಗೆ ಅಳುವ ಹಕ್ಕಾದರೂ ಇರಲಿ. ಅವ್ವ ಆಗಲೇ ಮನೆಗೆ ಹೋಗಿದ್ದಳು. ರಖಮಾಬಾಯಿಗೆ ಪಾತ್ರೆ ನೋಡಿಕೊಳ್ಳಲು ಹೇಳಿ, ಅವನು ಚಾಳಿನ ಕಡೆ ಬೇಗ ಬೇಗ ನಡೆದ.

ಬಾಗಿಲು ತೆರೆದೇ ಇತ್ತು. ಒಂದು ಚಪ್ಪಲಿ ಬಿಚ್ಚಿದ್ದ, ಇನ್ನೊಂದು ಕಾಲಲ್ಲೇ ಇತ್ತು, ಪರದೆಯ ಹಿಂದಿನಿಂದ ಅವ್ವನ ಮಾತು ಕೇಳಿತು. ನೆಲದ ಮೇಲೆ ಕೂತಿದ್ದಾಳೆ ಎಂದು ದನಿಯಿಂದಲೇ ತಿಳಿಯುತ್ತಿತ್ತು. ಬಟ್ಟಲಿನ ಸದ್ದಾಯಿತು. ವಿಹಾರದಿಂದ ಖೀರು ತಂದಿದ್ದಳೋ ಏನೋ.

"ತಿನ್ನು. ನಾಚಬ್ಯಾಡ. ಇಲ್ಲಿ ಬಾವಿ ಗೀವಿ ಏನೂ ಇಲ್ಲ, ನಳ ಅದ. ಅಂಜಬ್ಯಾಡ." ಬಟ್ಟಲು ನೆಲದ ಮೇಲೆ ಸರಿಯಿತು. "ನಮ್ಮ ಭಾಗಿನ ಜೋಡಿ ಇದ್ದೆಲ್ಲ ಅಲ್ಲಿ, ಇಷ್ಟ ದಿನಾ. ಅಕಿ ಬಾಳ ಓಡಾಡ್ತಾಳ. ನಿನಗ ತ್ರಾಸ ಕೊಟ್ಟಿಲ್ಲ ಹೌದಿಲ್ಲೋ?"

ಶಿವರಾಯನ ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು.

"ಇಷ್ಟ ದಿನ ಆತು ಬಂದು. ಏನಂತ ಕರೀಲಿ ನಿನಗ?" ಅವ್ವ ಕೇಳುತ್ತಿದ್ದಳು. "ಹೆಸರರ ಹೇಳ, ಮಗಳ. ಯಾರ ಮನಿಯಾಕಿ ನೀ?"

ಹೆಸರು ಕೇಳಿಸಿಕೊಳ್ಳಲು ಶಿವರಾಯನೂ ಹೊಸ್ತಿಲಲ್ಲೇ ನಿಂತ.